ಕಕ್ಕಡದ ಬ್ಯಾಡ್ಜು, ಹುತ್ತರಿಗೆ ಲೆಕ್ಕ

ಇಲ್ಲಿ ಜರ್ಮನಿಯಲ್ಲಿ ಎಕ್ಸ್‌ರೇ ಕೆಲಸದವರ ಡೋಸಿಮೀಟರ್, ಅಂದರೆ ಮೈಗೆ ತಗಲಿದ ವಿಕಿರಣದ ಪ್ರಮಾಣ (ಡೋಸು) ಅಳೆಯುವ ಸಾಧನ, ತಿಂಗಳಿಗೊಮ್ಮೆ ಬದಲಾಗುತ್ತದೆ. ನಮ್ಮ ಕೊಡಗಿನಲ್ಲಿ, ಮಡಿಕೇರಿಯಿರಲಿ ವಿರಾಜಪೇಟೆಯಿರಲಿ, ಟಿಎಲ್‌ಡಿ ಬ್ಯಾಡ್ಜಿಗೆ (ಬಿಸಿಮಾಡಿದಾಗ ಸೂಸುವ ಬೆಳಕಿನಿಂದ ಡೋಸು ತಿಳಿಸುವ ಡೋಸಿಮೀಟರ್) ಮೂರು ತಿಂಗಳ ಸರದಿ. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಎದೆಗೆ ಸಿಕ್ಕಿಸಿದ ಬ್ಯಾಡ್ಜಿನ ವರದಿ ಕೈಗೆ ಬರುವಾಗ ಸುಗ್ಗಿಯ ಹಬ್ಬ ಹುತ್ತರಿ ಹತ್ತಿರವಾಗಿರುತ್ತದೆ. ಹಾಗಂತ ನಾವೂ ತಿಂಗಳಿಗೊಮ್ಮೆ ಬದಲಿಸಬೇಕೆನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಗೋಡೆಯ ಮರೆಯಲ್ಲಿ ನಿಂತು ಎಕ್ಸ್‌ರೇ ತೆಗೆಯುವವರಿಗೆ ತಿಂಗಳಿಗೆ 0.04 ಮಿಲಿಸೀವರ್ಟ್ (ಡೋಸಿನ ಅಳತೆ) ತಗಲಿತೆನ್ನಿ. ದಾಖಲೆಗೆ ಸಿಗದಷ್ಟು ಚಿಕ್ಕದಾದ್ದರಿಂದ ತಿಂಗಳ ಲೆಕ್ಕದಲ್ಲಿ ಅದು ಸೊನ್ನೆ, ವರ್ಷವಿಡೀ ಸೊನ್ನೆ. ಮೂರು ತಿಂಗಳು ಒಂದೇ ಬ್ಯಾಡ್ಜಿನಲ್ಲಿ ಕೂಡಿದರೆ 0.12, ಕಣ್ಣಿಗೆ ಬೀಳುತ್ತದೆ.

ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ಚಿತ್ರ ತೋರಿಸುವ ಸಿ-ಆರ್ಮ್ ಯಂತ್ರ ಬಳಸುವ ಮೂಳೆ ಆಪರೇಷನ್ ಥಿಯೇಟರಿನ ಮಾತು ಬೇರೆ. ಅಲ್ಲಿ ರೋಗಿಯ ಮೈಯಿಂದ ಚದುರುವ ಕಿರಣವೇ ಸಿಬ್ಬಂದಿಗೆ ತಗಲುವುದು. ಮೂರು ತಿಂಗಳು ಕಾಯದೆ ಅಲ್ಲೇ ಅಂಕಿ ತೋರಿಸಿ ಕೂಗುವ ಎಲೆಕ್ಟ್ರಾನಿಕ್ ಡೋಸಿಮೀಟರ್ ಬೇಕು. ಎಕ್ಸ್‌ರೇ ಹೊರಡುವ ಟ್ಯೂಬು ಮೇಜಿನ ಕೆಳಗಿರಲಿ. ರೋಗಿಯಿಂದ ಅರ್ಧ ಮೀಟರಿನಲ್ಲಿದ್ದವರು ಒಂದು ಮೀಟರಿಗೆ ಸರಿದರೂ ಡೋಸು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ನಮ್ಮ ಟಿಎಲ್‌ಡಿ ಬ್ಯಾಡ್ಜು ಸಾಮಾನ್ಯ ವಸ್ತುವಲ್ಲ. ಅಲ್ಯೂಮಿನಿಯಂ ತಗಡಿನ ಮೇಲೆ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಮೂರು ಬಿಲ್ಲೆ. ಒಂದರ ಮೇಲೆ ತಾಮ್ರ ಮತ್ತು ಅಲ್ಯೂಮಿನಿಯಂ, ಇನ್ನೊಂದರ ಮೇಲೆ ಪ್ಲಾಸ್ಟಿಕ್, ಮೂರನೆಯದು ಬರಿದು. ಮೂರೂ ಓದಿನ ಅನುಪಾತದಿಂದ ಬಿದ್ದದ್ದು ಎಂಥ ಕಿರಣವೆಂದು ತಿಳಿಯುತ್ತದೆ. ತಗಡನ್ನು ತಿರುಗುಮುರುಗಾಗಿ ತುರುಕಿದರೆ ಈ ಲೆಕ್ಕವೇ ಕೆಟ್ಟಿತು. ಬಿಸಿಮಾಡಿ ಒಮ್ಮೆ ಓದಿದರೆ ದಾಖಲೆ ಅಳಿಯುತ್ತದೆ, ಮತ್ತೆ ಓದಿ ನೋಡೋಣವೆಂದರೆ ಆಗದು.

ಹೆಚ್ಚಿನ ತಪ್ಪು ಆಗುವುದು ಗೂಟದಲ್ಲಿ. ಬ್ಯಾಡ್ಜನ್ನು ಲೆಡ್ ಏಪ್ರನ್ನಿನ ಒಳಗೆ ಎದೆಯ ಮಟ್ಟಕ್ಕೆ ಧರಿಸಬೇಕು. ಕೆಲಸ ಮುಗಿದ ಮೇಲೆ ಏಪ್ರನ್ ಸಮೇತ ಎಕ್ಸ್‌ರೇ ಕೋಣೆಯಲ್ಲೇ ನೇತುಹಾಕಿ ಹೋದರೆ, ಮನುಷ್ಯನಿಗೆ ತಗಲದ ಡೋಸು ಅವನ ಹೆಸರಿಗೆ ಬೀಳುತ್ತದೆ. ಒಂದು ತ್ರೈಮಾಸಿಕದಲ್ಲಿ 10 ಮಿಲಿಸೀವರ್ಟ್ ದಾಟಿದರೆ ವಿಚಾರಣೆ. ಆಗ ನಿಜ ಯಾವುದು, ಗೂಟದ್ದು ಯಾವುದು ಎಂದು ಬಿಡಿಸುವುದು ಬಹಳ ಕಷ್ಟ. ಕೆಲಸ ಮುಗಿದ ಮೇಲೆ ಬ್ಯಾಡ್ಜನ್ನು ಕಂಟ್ರೋಲ್ ಬ್ಯಾಡ್ಜಿನ (ಯಾರೂ ಧರಿಸದೆ ಹೋಲಿಕೆಗೆ ಇಡುವ ಬ್ಯಾಡ್ಜಿನ) ಜೊತೆ, ಕಿರಣ ಮುಟ್ಟದ ಕೋಣೆಯಲ್ಲಿ ಒಂದು ಹಲಗೆಗೆ ನಂಬರು ಹಾಕಿ ಸಿಕ್ಕಿಸಿಡಿ. ಮಳೆಗಾಲದಲ್ಲಿ ಬ್ಯಾಡ್ಜಿನ ಒಳಗಿನ ಕಾಗದ ತೇವ ಹಿಡಿದೀತು. ಆಗ ಹಲಗೆಯ ಬದಲು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಸಾಕು. ಒಲೆ ಪಕ್ಕದಲ್ಲಿ, ಬಿಸಿಲಿನಲ್ಲಿ ಒಣಗಿಸಬೇಡಿ.

ಜರ್ಮನಿಯಿಂದ ನಾವು ತರಬೇಕಾದದ್ದು ಇಲ್ಲಿನ ವಿಕಿರಣ ಪಾಸ್‌ಬುಕ್, ಅಂದರೆ ಒಬ್ಬರ ಡೋಸುಗಳ ಲೆಕ್ಕ ಬರೆದಿಡುವ ಪುಸ್ತಕ. ಬೇರೆಯವರ ಸಂಸ್ಥೆಯಲ್ಲಿ ವಿಕಿರಣದ ನಡುವೆ ದುಡಿಯುವವರು ಅದನ್ನು ಕೈಯಲ್ಲೇ ಒಯ್ಯುತ್ತಾರೆ. ಬೆಳಿಗ್ಗೆ ಕುಶಾಲನಗರ, ಸಂಜೆ ಗೋಣಿಕೊಪ್ಪ ಎಂದು ಎರಡು ಕಡೆ ದುಡಿಯುವ ಟೆಕ್ನಿಷಿಯನ್‌ಗೆ ಇದು ಬೇಕೇ ಬೇಕು. ಭಾರತದಲ್ಲಿ ಡೋಸಿನ ಮಿತಿ ಇರುವುದು ಆಸ್ಪತ್ರೆಗಲ್ಲ, ಕೆಲಸ ಮಾಡುವ ಮನುಷ್ಯನಿಗೆ: ಐದು ವರ್ಷದ ಸರಾಸರಿ ವರ್ಷಕ್ಕೆ 20, ಯಾವ ವರ್ಷದಲ್ಲೂ 30 ಮಿಲಿಸೀವರ್ಟ್ ಮೀರಬಾರದು. ಎರಡನೇ ಆಸ್ಪತ್ರೆಗೂ ಹಳೆಯ ಟಿಎಲ್‌ಡಿ ನಂಬರನ್ನೇ ಕೊಡಿ, ಇಲ್ಲವಾದರೆ ಎರಡೂ ಕಡೆಯ ಡೋಸು ಒಂದೇ ಹೆಸರಿನಲ್ಲಿ ಕೂಡುವುದಿಲ್ಲ. ವರದಿ ಬಂದ ದಿನವೇ ಒಂದು ಪ್ರತಿ ಕೇಳಿ ಪಡೆಯಿರಿ.