ಇಳಿಯುವ ಮುಂಚೆ ಗಾಳಿ ನೋಡಿ

ನಮ್ಮ ಕಲಬುರಗಿ ಕಡೆ ಮನೆ ಕಟ್ಟಿಸುವವರಿಗೆ ಒಂದು ಮಾತು ಹೇಳಬೇಕು ಅಂತ ಬಹಳ ದಿನದಿಂದ ಅನಿಸುತ್ತಿದೆ. ಹೊಸ ಸಂಪಿನೊಳಗೆ ಸೆಂಟ್ರಿಂಗ್, ಅಂದರೆ ಸ್ಲ್ಯಾಬಿಗೆ ಆಸರೆ ಕೊಟ್ಟ ಹಲಗೆ ಕಂಬ, ಬಿಚ್ಚಲು ಇಳಿಯುವ ಹುಡುಗ ಇಡೀ ಮನೆಯ ಕೆಲಸದಲ್ಲೇ ಅತಿ ಅಪಾಯದ ಜಾಗಕ್ಕೆ ಇಳಿಯುತ್ತಿದ್ದಾನೆ. ಮೂರನೇ ಮಹಡಿಯ ಅಂಚಿನಲ್ಲಿ ನಿಂತವನನ್ನು ಕಂಡು ನಮಗೆ ಭಯ ಆಗುತ್ತದೆ. ನೆಲದ ಕೆಳಗೆ ಎಂಟಡಿ ಇಳಿದವನ ಬಗ್ಗೆ ಆಗುವುದಿಲ್ಲ.

ನಾನು ಮುಂಬೈಯಲ್ಲಿ ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ, ಸುರಕ್ಷತೆ ವಿಭಾಗದಲ್ಲಿದ್ದೇನೆ. ಹಡಗಿನೊಳಗೆ ಏಣಿ ಇಳಿದು ಕೆಲಸ ಮಾಡುವವರಿಗಿಂತ ಮೊದಲು ಅಲ್ಲಿನ ಗಾಳಿ ಅಳೆಯುವುದು ನನ್ನ ಕೆಲಸ. ಹಡಗು ಅಂದರೆ ಸುತ್ತಲೂ ಸಮುದ್ರ, ಬೇಕಾದಷ್ಟು ಗಾಳಿ ಅನಿಸುತ್ತದೆ ಅಲ್ವಾ? ಮೇಲಿನ ಡೆಕ್ಕಿನಲ್ಲಿ ಅದು ನಿಜ. ಸರಕು ತುಂಬುವ ಹೋಲ್ಡಿಗೆ ಇಳಿಯುವ ಜಾಗ ಬೇರೆ ಥರ. ಒಬ್ಬ ಮನುಷ್ಯ ತೂರುವಷ್ಟು ಒಂದು ಮುಚ್ಚಳ, ಅದರ ಕೆಳಗೆ ಇಕ್ಕಟ್ಟಾದ ಗೂಡು, ಗೂಡಿನೊಳಗೆ ಏಣಿ. ಹೋಲ್ಡಿನ ಗಾಳಿ ಆ ಗೂಡಿನೊಳಗೂ ಸೇರುತ್ತದೆ. ಹೋಲ್ಡಿನ ಮೇಲಿನ ದೊಡ್ಡ ಮುಚ್ಚಳವನ್ನು, ಅಂದರೆ ಹ್ಯಾಚನ್ನು, ಪೂರ್ತಿ ತೆಗೆದು ಹೋಲ್ಡಿಗೆ ಬಿಸಿಲು ಬಿದ್ದಿದ್ದರೂ ಏಣಿಯ ಗೂಡಿನಲ್ಲಿ ಹಳೆ ಗಾಳಿ ಹಾಗೇ ನಿಂತಿರುತ್ತದೆ. ಅದಕ್ಕೇ ನಾವು ಹೋಲ್ಡನ್ನು ಅಳೆದು ಸುಮ್ಮನಾಗುವುದಿಲ್ಲ. ಏಣಿಯ ಮೇಲ್ತುದಿ, ನಡು, ತಳ ಎಲ್ಲವನ್ನೂ ಬೇರೆ ಬೇರೆ ಅಳೆಯುತ್ತೇವೆ.

2014ರ ಮೇ 26ರಂದು ಇಂಗ್ಲೆಂಡಿನ ಗೂಲ್ ಬಂದರಿನಲ್ಲಿ ಸುಂಟಿಸ್ ಅನ್ನುವ ಹಡಗಿನ ಮೂವರು ಇಂಥದೇ ಗೂಡಿನಲ್ಲಿ ಸತ್ತರು. ಹಡಗಿನಲ್ಲಿ ಇದ್ದದ್ದು ವಿಷವಲ್ಲ, ಕೊಯ್ದ ಮರದ ಹಲಗೆ. ತನಿಖೆಯವರು ಅಳೆದಾಗ ಏಣಿಯ ತಳದಲ್ಲಿ ಆಮ್ಲಜನಕ ಶೇ. 5ರಿಂದ 6ರಷ್ಟೇ ಇತ್ತು. ನಾವು ಉಸಿರಾಡುವ ಗಾಳಿಯಲ್ಲಿ ಅದು ಶೇ. 20.9 ಇರುತ್ತದೆ. ಶೇ. 10ಕ್ಕಿಂತ ಕೆಳಗೆ ಹೋದರೆ ಪ್ರಜ್ಞೆ ತಪ್ಪುತ್ತದೆ. 6ರ ಹತ್ತಿರ ಬಂದರೆ ಕೆಲವು ಉಸಿರಿನೊಳಗೇ ಮನುಷ್ಯ ಬೀಳಬಹುದು, ಏಣಿ ಹತ್ತಿ ವಾಪಸ್ ಬರುವಷ್ಟು ಹೊತ್ತೂ ಸಿಗುವುದಿಲ್ಲ.

ಮರ ಏನು ಮಾಡಿತು? ಒದ್ದೆ ಮರ ಸುಮ್ನೆ ಬಿದ್ದಿರುವುದಿಲ್ಲ. ಅದರ ಮೇಲೆ ಬೂಸ್ಟು ಬೆಳೆಯುತ್ತದೆ, ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಮರದೊಳಗಿನ ಎಣ್ಣೆಯಂಥ ಅಂಶ ಗಾಳಿಯೊಂದಿಗೆ ಸೇರುತ್ತದೆ. ಇದೆಲ್ಲ ಆಮ್ಲಜನಕ ತಿನ್ನುತ್ತದೆ, ಬದಲಿಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಯಲಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮುಚ್ಚಿದ ಜಾಗದಲ್ಲಿ ಕೆಲವೇ ದಿನ ಸಾಕು.

ಈಗ ನಮ್ಮೂರಿನ ಸಂಪನ್ನು ನೋಡಿ. ಸ್ಲ್ಯಾಬ್ ಹಾಕಿದ ಮೇಲೆ ಹಲಗೆ, ಬಲ್ಲಿ ಎಲ್ಲ ಒಳಗೇ ಇರುತ್ತವೆ. ಕ್ಯೂರಿಂಗ್ ಅಂತ ಮೇಲೆ ನೀರು ನಿಲ್ಲಿಸುತ್ತೇವೆ, ಒಳಗೂ ನೀರು ಇಳಿಯುತ್ತದೆ. ಮಕ್ಕಳು ಬೀಳಬಾರದು ಅಂತ ಇರುವ ಒಂದು ಬಾಯಿಗೂ ಹಲಗೆಯೋ ತಗಡೋ ಮುಚ್ಚುತ್ತೇವೆ. ಹದಿನೈದು ದಿನ, ಕೆಲಸ ನಿಂತರೆ ತಿಂಗಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಒದ್ದೆ ಮರ ಬೇಗ ಹಳಸುತ್ತದೆ. ಗೂಲ್ ಬಂದರಿನ ಆ ಗೂಡಿನಲ್ಲಿ ನಡೆದದ್ದು ಈ ಸಂಪಿನೊಳಗೂ ನಡೆಯುತ್ತದೆ. ಮರದ ಬದಲು ಕಬ್ಬಿಣದ ಪ್ಲೇಟ್ ಹಾಕಿಸಿದ್ದೇವೆ ಅಂದರೂ ಪೂರ್ತಿ ನಿಶ್ಚಿಂತೆ ಇಲ್ಲ. ತುಕ್ಕು ಹಿಡಿಯುವುದು ಅಂದರೆ ಕಬ್ಬಿಣ ಆಮ್ಲಜನಕ ಎಳೆದುಕೊಳ್ಳುವುದು. ಹಡಗಿನ ಸಮತೋಲಕ್ಕೆ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕ್ ಖಾಲಿ ಇದ್ದಾಗ ಅದರಲ್ಲಿ ಸರಕೇ ಇರುವುದಿಲ್ಲ, ಬರೀ ತುಕ್ಕು ಹಿಡಿಯುವ ಗೋಡೆ. ಆದರೂ ಅಳೆಯದೆ ಯಾರನ್ನೂ ಅದರೊಳಗೆ ಇಳಿಸುವುದಿಲ್ಲ.

ಬೀದರ್, ಯಾದಗಿರಿ, ಕಲಬುರಗಿ ಎಲ್ಲಿ ಕೇಳಿದರೂ ಗೌಂಡಿಗಳು ಒಂದೇ ಮಾತು ಹೇಳುತ್ತಾರೆ. 'ಉಸಿರು ಕಟ್ಟಿದಂಗ ಆದ್ರ ಮ್ಯಾಲ ಬಂದ್ಬಿಡ್ತಾನ್ರೀ' ಅಂತ. ಈ ನಂಬಿಕೆಯೇ ಜನರನ್ನು ಕೊಲ್ಲುತ್ತಿರುವುದು. ಉಸಿರು ಕಟ್ಟಿದ ಹಾಗೆ ಅನಿಸುವುದು ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಆದಾಗ. ಆಮ್ಲಜನಕ ಮಾತ್ರ ಕಡಿಮೆಯಾದರೆ ಮೈ ಆ ಸೂಚನೆ ಕೊಡುವುದಿಲ್ಲ. ತಲೆ ಸ್ವಲ್ಪ ಹಗುರಾಗುತ್ತದೆ, ಕಾಲು ಸೋಲುತ್ತದೆ, ಅಷ್ಟೇ. ಸೆಪ್ಟಿಕ್ ಟ್ಯಾಂಕ್ ಮತ್ತು ಒಳಚರಂಡಿಯ ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸ ಮಾಡುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗ ದಾಟಿದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಅಂದುಕೊಳ್ಳುವ ಆ ಗಳಿಗೆಯೇ ಅತಿ ಕೆಟ್ಟ ಗಳಿಗೆ.

ಹಡಗಿನಲ್ಲಿ ಇದಕ್ಕೊಂದು ಕ್ರಮ ಇದೆ. ಮುಚ್ಚಳ ತೆಗೆಯುತ್ತೇವೆ, ಗಾಳಿ ಊದುವ ಬ್ಲೋವರ್ ಹಚ್ಚಿ ಅದರ ಕೊಳವೆಯನ್ನು ತಳದವರೆಗೆ ಇಳಿಸುತ್ತೇವೆ. ಕಾಯುತ್ತೇವೆ. ಆಮೇಲೆ ಉದ್ದ ಪೈಪು ಬಿಟ್ಟು ಹೊರಗಿನಿಂದಲೇ ಗಾಳಿ ಎಳೆದು ಅಳೆಯುತ್ತೇವೆ. ಆಮ್ಲಜನಕ, ಬೆಂಕಿ ಹತ್ತುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಈ ನಾಲ್ಕನ್ನೂ ತೋರಿಸುವ ಮೀಟರ್ ಹಡಗಿನಲ್ಲಿ ಇರಲೇಬೇಕು ಅಂತ 2016ರ ಜುಲೈ 1ರಿಂದ ಅಂತರರಾಷ್ಟ್ರೀಯ ನಿಯಮವಿದೆ. ಅಂಕಿ ಸರಿ ಇದ್ದರೆ ಪರ್ಮಿಟ್ ಬರೆಯುತ್ತೇವೆ. ಅದು ಎಂಟು ಗಂಟೆಗಿಂತ ಜಾಸ್ತಿ ನಡೆಯಬಾರದು. ಊಟಕ್ಕೆ ಮೇಲೆ ಬಂದವರು ಮತ್ತೆ ಇಳಿಯುವ ಮುಂಚೆ ಮತ್ತೆ ಅಳೆಯುತ್ತೇವೆ. ಕೆಲಸ ನಡೆಯುವಷ್ಟು ಹೊತ್ತೂ ಬ್ಲೋವರ್ ನಿಲ್ಲುವುದಿಲ್ಲ. ಏಣಿಯ ಬಾಯಲ್ಲಿ ಒಬ್ಬ ಕೂತಿರುತ್ತಾನೆ. ಕೆಳಗಿನವರು ಬಿದ್ದರೂ ಅವನು ಇಳಿಯುವಂತಿಲ್ಲ, ಕೂಗಬೇಕು, ಜನ ಕರೆಯಬೇಕು. ಬಿದ್ದವರನ್ನು ಮೇಲೆ ತರುವ ತಾಲೀಮನ್ನು ಹಡಗಿನವರು ಎರಡು ತಿಂಗಳಿಗೊಮ್ಮೆ ಮಾಡಲೇಬೇಕು, ಇದು 2015ರಿಂದ ಕಡ್ಡಾಯ.

ನನಗೆ ಈ ಕ್ರಮದಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಆ ಕಾಯುವುದು. ಮೀಟರ್ ಆಮೇಲಿನ ಮಾತು.

ಕಾಯುವುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಹಗೇವಿನಿಂದ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಿಂದ, ಜೋಳ ತೆಗೆಯುವ ದಿನ ನಮ್ಮ ಮುತ್ಯಾನ ಕಾಲದವರು ಬಾಯಿ ತೆಗೆದ ತಕ್ಷಣ ಯಾರನ್ನೂ ಇಳಿಸುತ್ತಿರಲಿಲ್ಲ. ಹಗೇವಿನ ಬಾಯಿ ಬಯಲಿಗೆ ತೆರೆದಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯುವುದು. ಹಳೆ ಬಾವಿಯ ಹೂಳು ತೆಗೆಯುವಾಗ ಬೇವಿನ ತೊಪ್ಪಲು ಕಟ್ಟಿ ಮೇಲೆ ಕೆಳಗೆ ಎಳೆದಾಡಿ ಗಾಳಿ ಕಲಕುತ್ತಿದ್ದರು. ಮುಚ್ಚಿಟ್ಟ ಕಾಳೂ ಉಸಿರಾಡುತ್ತದೆ. ಹಾಗೆ ಉಸಿರಾಡಿ ಆಮ್ಲಜನಕ ಮುಗಿಸುವುದರಿಂದಲೇ ಹಗೇವಿನಲ್ಲಿ ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಕಾಳನ್ನು ಕಾಯುವ ಗಾಳಿ ಮನುಷ್ಯನಿಗೆ ಆಗದು ಅನ್ನುವುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಬೀದರಿನ ನೌಬಾದ್ ಬಳಿಯ ಕರೇಜ್ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲು ಕೊರೆದು ನೆಲದ ಕೆಳಗೆ ನೀರಿನ ಸುರಂಗ ತೋಡಿದರು. ಸುರಂಗದ ಉದ್ದಕ್ಕೂ ಮೇಲಿನಿಂದ ನೇರವಾಗಿ ಬಾವಿಯಂಥ ಕಿಂಡಿಗಳನ್ನು ಬಿಟ್ಟಿದ್ದಾರೆ. ಮಣ್ಣು ಎತ್ತಲು ಅದೇ ದಾರಿ, ಬೆಳಕು ಬರಲು ಅದೇ, ಒಳಗಿನವರ ಉಸಿರಿಗೂ ಅದೇ. ಆಮೇಲೆ ಹೂಳು ತೆಗೆಯುವವರೂ ಅಲ್ಲಿಂದಲೇ ಇಳಿಯಬೇಕು. ತೋಡುವಾಗಲೇ ಗಾಳಿಯ ಯೋಚನೆ ಮಾಡಿದ ಜನರ ಊರು ಅದು. ಈಗ ನಾವು ಕಟ್ಟುವ ಸಂಪಿಗೆ ಎರಡಡಿ ಚೌಕದ ಒಂದೇ ಬಾಯಿ.

ಹಗೇವು ಹೋಯಿತು, ಅದರ ಜೊತೆ ಕಾಯುವ ರೂಢಿಯೂ ಹೋಯಿತು. ಸಂಪು ಬಂತು, ಅದರ ಜೊತೆ ಯಾವ ರೂಢಿಯೂ ಬರಲಿಲ್ಲ. ಹಾಗಂತ ಕಂದೀಲಿಗೆ ವಾಪಸ್ ಹೋಗಿ ಅಂತ ನಾನು ಹೇಳುವುದಿಲ್ಲ, ದಯವಿಟ್ಟು ಹೋಗಬೇಡಿ. ಆಮ್ಲಜನಕ ಶೇ. 16ರ ಆಸುಪಾಸಿಗೆ ಬಂದರೆ ದೀಪ ಆರುತ್ತದೆ ನಿಜ, ಆದರೆ ವಿಷದ ಅನಿಲ ಇದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ ಮೀಥೇನ್ ಇದ್ದರೆ ಬೆಂಕಿಯೇ ಹತ್ತಿಕೊಳ್ಳುತ್ತದೆ. ಬಾವಿಯ ನೀರು ಖಾಲಿ ಮಾಡಲು ಪೆಟ್ರೋಲ್ ಪಂಪನ್ನೇ ಕೆಳಗೆ ಇಳಿಸುವುದೂ ಅಷ್ಟೇ ಅಪಾಯ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಬಾವಿಯಲ್ಲೇ ನಿಲ್ಲುತ್ತದೆ.

ಮುಂಬೈ ಮುಂದು, ಕಲಬುರಗಿ ಹಿಂದು ಅಂತ ಯಾರೂ ಓದಿಕೊಳ್ಳಬಾರದು. ಯಾರ್ಡಿನ ಗೇಟು ದಾಟಿ ಮುಂಬೈಯ ಬೀದಿಗೆ ಬಂದರೆ ಅಲ್ಲೂ ಜನ ಬರಿಗೈಯಲ್ಲಿ ಮ್ಯಾನ್‌ಹೋಲಿಗೆ ಇಳಿದು ಸಾಯುತ್ತಾರೆ. ವ್ಯತ್ಯಾಸ ಊರಿನದಲ್ಲ. ಹಡಗಿನಲ್ಲಿ ಸಾವಾದರೆ ಹಡಗು ನಿಲ್ಲುತ್ತದೆ, ತನಿಖೆ ಆಗುತ್ತದೆ, ವರದಿ ಬರುತ್ತದೆ. ಬೀದಿಯಲ್ಲಿ ಸಾಯುವವರು ಹೆಚ್ಚಿನಂಶ ದಲಿತರು, ದಿನಗೂಲಿಯವರು. ಅವರಿಗೆ ಕಾನೂನು ಇಲ್ಲ ಅಂತಲ್ಲ. 2013ರ ಕಾಯ್ದೆಯ ಪ್ರಕಾರ ಸುರಕ್ಷತೆಯ ಸಲಕರಣೆ ಇಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮನುಷ್ಯರಿಂದ ಮಲ ಬಳಿಸುವ, ಅವರನ್ನು ಚರಂಡಿಗೆ ಇಳಿಸುವ ಪದ್ಧತಿ ನಿಲ್ಲಬೇಕು ಅಂತ ದಶಕಗಟ್ಟಲೆ ಹೋರಾಟ ನಡೆಸಿದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನವರು. ಹಡಗಿನವನಿಗೆ ಕೊಡುವ ಎಂಟು ಗಂಟೆಯ ಆ ಪರ್ಮಿಟ್ ಚೀಟಿ ನಮ್ಮ ಓಣಿಯ ಕೆಲಸಗಾರನಿಗೆ ಯಾಕಿಲ್ಲ ಅಂತ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಊರಲ್ಲಿ ಏನು ಮಾಡಬಹುದು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ನಾಲ್ಕು ಅನಿಲದ ಮೀಟರ್ ಒಬ್ಬ ಗೌಂಡಿ ಕೊಳ್ಳುವ ಬೆಲೆಯದಲ್ಲ. ಆದರೆ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗಳು ಪ್ಲೇಟ್, ಜಾಕ್ ಜೊತೆ ಒಂದು ಮೀಟರ್, ಒಂದು ಬ್ಲೋವರ್ ಕೂಡ ಬಾಡಿಗೆಗೆ ಇಡಬಹುದು. ಪಂಚಾಯಿತಿಯೂ ಇಡಬಹುದು. ಮೀಟರ್ ಇಲ್ಲದ ಕಡೆ ಮುಚ್ಚಳ ತೆಗೆದು ಇಡೀ ದಿನ ಬಿಡಿ, ಬ್ಲೋವರಿನ ಕೊಳವೆ ತಳದವರೆಗೆ ಬಿಟ್ಟು ಹೊತ್ತು ಹೋಗಲಿ. ಮೀಟರಿನಷ್ಟು ಖಾತ್ರಿ ಅದಲ್ಲ. ಆಮೇಲೆ ಇಳಿಯುವವನ ಎದೆಗೆ ಬೆಲ್ಟು, ಬೆಲ್ಟಿಗೆ ಹಗ್ಗ ಕಟ್ಟಿರಲಿ, ಹಗ್ಗದ ತುದಿ ಮೇಲಿರುವ ಇಬ್ಬರ ಕೈಯಲ್ಲಿರಲಿ. ಅವನು ಬಿದ್ದರೆ ಹಗ್ಗ ಎಳೆಯಿರಿ, 112ಕ್ಕೆ ಫೋನ್ ಮಾಡಿ. ಅಣ್ಣ ಬಿದ್ದ ಅಂತ ತಮ್ಮ, ತಮ್ಮ ಬಿದ್ದ ಅಂತ ಅಪ್ಪ ಇಳಿಯುವುದನ್ನು ತಡೆಯುವ ಧೈರ್ಯ ಒಬ್ಬರಿಗಾದರೂ ಇರಬೇಕು. ಸೆಪ್ಟಿಕ್ ಟ್ಯಾಂಕಿಗೆ ಮಾತ್ರ ಹೀಗೂ ಯಾರನ್ನೂ ಇಳಿಸಬೇಡಿ, ಅಲ್ಲಿಗೆ ಸಕ್ಕಿಂಗ್ ಯಂತ್ರವನ್ನೇ ಕರೆಸಿ.

ಇನ್ನೊಂದು, ಇದು ಹೊಸದಾಗಿ ಕಟ್ಟಿಸುವವರಿಗೆ. ಕಾಳು, ಕಲ್ಲಿದ್ದಲಿನಂಥ ಸರಕನ್ನು ಚೀಲವಿಲ್ಲದೆ ತುಂಬುವ ದೊಡ್ಡ ಬಲ್ಕ್ ಹಡಗಿನ ಪ್ರತಿ ಹೋಲ್ಡಿಗೂ ಎರಡು ಏಣಿ ಇರುತ್ತವೆ, ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ. ಸಂಪಿಗೂ ಎದುರುಬದುರು ಮೂಲೆಯಲ್ಲಿ ಎರಡು ಬಾಯಿ ಬಿಡಿಸಿ. ಒಂದರಿಂದ ಗಾಳಿ ಊದಿದರೆ ಇನ್ನೊಂದರಿಂದ ಹಳೆ ಗಾಳಿ ಹೊರಗೆ ಬರುತ್ತದೆ. ಒಂದೇ ಬಾಯಿದ್ದರೆ ಊದಿದ ಗಾಳಿ ಅರ್ಧಕ್ಕೇ ತಿರುಗಿ ಬರುತ್ತದೆ. ಖರ್ಚು ಒಂದು ಮುಚ್ಚಳ, ಬಾಯಿ ಸುತ್ತ ಸ್ವಲ್ಪ ಜಾಸ್ತಿ ಕಬ್ಬಿಣ. ಎಂಜಿನಿಯರಿಗೆ ಇದನ್ನು ಪ್ಲಾನ್ ಹಾಕುವಾಗಲೇ ಹೇಳಿ, ಸ್ಲ್ಯಾಬ್ ಆದ ಮೇಲೆ ಹೇಳಿದರೆ ಕಾಂಕ್ರೀಟ್ ಕೊರೆಸಬೇಕಾಗುತ್ತದೆ.