ಕತ್ತಿ ಹಿಡಿಯದ ಮೈನ್

ಜಪಾನಿನ ಕಾರ್ಟೂನ್ ಧಾರಾವಾಹಿಗಳಲ್ಲಿ, ಅಂದರೆ ಅನಿಮೆಗಳಲ್ಲಿ, ಇಸೆಕೈ ಅನ್ನುವ ಬಗೆ ಗೊತ್ತಲ್ಲ, ಈ ಲೋಕದಲ್ಲಿ ಸತ್ತವರೋ ಕಳೆದುಹೋದವರೋ ಇನ್ನೊಂದು ಲೋಕದಲ್ಲಿ ಕಣ್ಣು ಬಿಡುವ ಕಥೆಗಳು. ಎಷ್ಟೋ ಕಥೆಗಳಲ್ಲಿ ಬಂದಿಳಿದ ಕೂಡಲೇ ನಾಯಕನಿಗೆ ಶಕ್ತಿ ಸಿಕ್ಕಿಬಿಡುತ್ತದೆ. ಅಂಥದ್ದೊಂದು ಕಥೆಯಲ್ಲಿ ಸ್ಲೈಮ್ ಆಗಿ, ಅಂದರೆ ಲೋಳೆಯಂಥ ಜೀವಿಯಾಗಿ ಹುಟ್ಟುವ ರಿಮುರು ಗುಹೆ ಬಿಟ್ಟು ಹೊರಬಂದಾಗಲೇ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರು ನಡುಗುತ್ತಾರೆ. ಮಜಾ ಇದೆ ಬಿಡಿ, ನಾನೂ ನಿದ್ದೆಗೆಟ್ಟು ನೋಡಿದ್ದೇನೆ. ಆದರೆ ಅವನು ಬೆಳೆದ ಅಂತ ನನಗೆ ಅನಿಸಿದ್ದು ಕಡಿಮೆ. ಜಾಸ್ತಿ ಆಗಿದ್ದು ಅವನ ಬಲ, ಅಷ್ಟೇ.

2019ರಲ್ಲಿ ಬಂದ 'ಅಸೆಂಡೆನ್ಸ್ ಆಫ್ ಎ ಬುಕ್‌ವರ್ಮ್' ನೋಡಿ. ಪುಸ್ತಕದ ಹುಚ್ಚಿನ ಹುಡುಗಿ ಸತ್ತು, ಸೈನಿಕನ ಮನೆಯ ಐದು ವರ್ಷದ ರೋಗಿಷ್ಟ ಮಗು ಮೈನ್ ಆಗಿ ಏಳುತ್ತಾಳೆ. ಅಲ್ಲಿ ಪುಸ್ತಕ ಶ್ರೀಮಂತರ ಸೊತ್ತು. ಸರಿ, ನಾನೇ ಮಾಡ್ತೀನಿ ಅಂತ ಹೊರಡುತ್ತಾಳೆ. ನಾಲ್ಕು ಹೆಜ್ಜೆ ನಡೆದರೆ ಜ್ವರ. ಹುಲ್ಲು ಹೆಣೆದು ನೋಡಿದಳು, ಆಗಲಿಲ್ಲ. ಮಣ್ಣಿನ ಹಲಗೆ ಸುಟ್ಟಳು, ಒಡೆದುಹೋಯಿತು. ಮರದ ಪಟ್ಟಿಗಳ ಮೇಲೆ ಬರೆದಿಟ್ಟಳು. ಅಮ್ಮ ಅವನ್ನು ಸೌದೆ ಅಂದುಕೊಂಡು ಒಲೆಗೆ ಹಾಕಿಬಿಟ್ಟಳು! ಅಮ್ಮನದೇನೂ ತಪ್ಪಿಲ್ಲ. ಓದು ಬರಹ ಇಲ್ಲದ ಮನೆಯಲ್ಲಿ ಮರದ ಚೂರು ಸೌದೆಯೇ ಅಲ್ವಾ. ಆ ಒಂದು ದೃಶ್ಯದಲ್ಲಿ ನನಗೆ ಯಾವ ಡ್ರ್ಯಾಗನ್ ಕಾಳಗದಲ್ಲೂ ಆಗದಷ್ಟು ಸಂಕಟವಾಯಿತು.

ನನ್ನ ಗೆಳೆಯನಿಗೆ ಇನ್ನೊಂದು ಇಸೆಕೈ 'ರೀ:ಜೀರೋ'ದ ನಾಯಕ ಸುಬಾರುವೇ ದೊಡ್ಡವನು. ಎಷ್ಟು ಸಲ ಸತ್ತು ಎದ್ದಿದ್ದಾನೆ ನೋಡು ಅನ್ನುತ್ತಾನೆ. ನೋವು ತಿಂದ ಮಾತ್ರಕ್ಕೆ ಬೆಳೆದ ಹಾಗಾಯಿತಾ? ಸತ್ತ ಮೇಲೆ ವಾಪಸ್ ಬರುವುದು ಅವನು ಕೇಳಿ ಪಡೆದದ್ದೂ ಅಲ್ಲ. 13ನೇ ಕಂತಿನಲ್ಲಿ ಅವನು ತಾನು ಪ್ರೀತಿಸುವ ಎಮಿಲಿಯಾ ಮುಂದೆ ನಿಂತು, ನಿನಗೋಸ್ಕರ ಅದು ಮಾಡಿದೆ, ಇದು ಮಾಡಿದೆ ಅಂತ ಲೆಕ್ಕ ಒಪ್ಪಿಸುತ್ತಾನೆ. ಕೇಳುವವರಿಗೇ ನಾಚಿಕೆ. 18ನೇ ಕಂತಿನಲ್ಲಿ ಎಲ್ಲ ಬಿಟ್ಟು ಓಡಿಹೋಗೋಣ ಬಾ ಅಂತ ರೆಮ್‌ಳನ್ನು ಕರೆಯುತ್ತಾನೆ. ಅವನ ಮೇಲೆ ಪ್ರಾಣ ಇಟ್ಟುಕೊಂಡವಳು ಅವಳು, ಆದರೂ ಒಲ್ಲೆ ಅನ್ನುತ್ತಾಳೆ. ಅಲ್ಲಿ ಗಟ್ಟಿ ನಿರ್ಧಾರ ಮೊದಲು ಬಂದದ್ದು ರೆಮ್‌ಳದು. ಸುಬಾರು ಎದ್ದು ನಿಂತದ್ದು ಆಮೇಲೆ. ಆ ಕಂತು ಚೆನ್ನಾಗಿದೆ, ಇಲ್ಲ ಅನ್ನಲ್ಲ.

ಮೈನ್ ಕೂಡ ಒಂಟಿಯಾಗಿ ಏನೂ ಮಾಡುವುದಿಲ್ಲ. ಕೊನೆಗೆ ಅವಳು ಮಾಡಹೊರಟ ಕಾಗದಕ್ಕೆ ಬೇಕಾದ ಕಟ್ಟಿಗೆ ಕಡಿಯುವವನು, ಹೊರುವವನು ಪಕ್ಕದ ಮನೆಯ ಲುಟ್ಸ್. ದುಡ್ಡು ಹಾಕುವವನು ವ್ಯಾಪಾರಿ ಬೆನ್ನೋ. ಇವಳು ಹಳೇ ಮೈನ್ ಅಲ್ಲ ಅಂತ ಲುಟ್ಸ್‌ಗೆ ಗೊತ್ತಾದಾಗ, ನಾನು ಇರಬೇಕೋ ಹೋಗಬೇಕೋ ನೀನೇ ಹೇಳು ಅನ್ನುತ್ತಾಳೆ. ಅವನೂ ಚಿಕ್ಕ ಹುಡುಗ ಪಾಪ. ನನಗೆ ಗೊತ್ತಿರುವ ಮೈನ್ ನೀನೇ ಅನ್ನುವ ಹಾಗೆ ಉತ್ತರ ಕೊಡುತ್ತಾನೆ.

ಗೆಳೆಯ ಇನ್ನೂ ಒಪ್ಪಿಲ್ಲ. 'ಬುಕ್‌ವರ್ಮ್' ಮೊದಲ ಸೀಸನ್ 14 ಕಂತು ಅಷ್ಟೇ, ನೋಡ್ಕೊಂಡು ಬಂದು ಜಗಳ ಆಡು ಅಂದಿದ್ದೇನೆ.