ರಸ್ತೆ ಬದಿಯ ಗೂಬೆಗೆ ಹಸಿವಾಗಿದೆ

ಕಳೆದ ಶನಿವಾರ ಬೆಳಗ್ಗೆ ಎಂಟಕ್ಕೆ ಸ್ಯಾಕ್ಸ್-ಝಿಮ್ ಬಾಗ್‌ನಲ್ಲಿದ್ದೆ. ಮೈನಸ್ 27 ಡಿಗ್ರಿ. ಉಸಿರು ಬಿಟ್ಟರೆ ರೆಪ್ಪೆ ಮೇಲೆ ಮಂಜು ಕಟ್ಟುವಷ್ಟು ಚಳಿ. ಇದು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದಲ್ಲಿ, ಡುಲೂತ್‌ನಿಂದ ಸುಮಾರು ಒಂದು ಗಂಟೆ ದಾರಿಯ ಜೌಗು ಕಾಡು. ಕಪ್ಪು ಸ್ಪ್ರೂಸ್ ಮರಗಳು, ಎಲೆ ಉದುರಿಸಿಕೊಂಡು ನಿಂತ ಟ್ಯಾಮರಾಕ್‌ಗಳು, ನಡುವೆ ನೇರ ಮಣ್ಣುರಸ್ತೆ. ಅಲ್ಲೇ ಒಂದು ಒಣ ಮರದ ತುದಿಯಲ್ಲಿ ಗ್ರೇಟ್ ಗ್ರೇ ಗೂಬೆ ಕೂತಿತ್ತು.

ಅದರ ಮುಖ ನೋಡಬೇಕು. ತಟ್ಟೆಯಷ್ಟು ಅಗಲ, ಬೂದು ಬಣ್ಣದ ಸುತ್ತು ಸುತ್ತು ಗೆರೆ, ನಡುವೆ ಎರಡು ಪುಟ್ಟ ಹಳದಿ ಕಣ್ಣು. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್ ತನಕ ಬರುತ್ತದೆ. ತೂಕ ಮಾತ್ರ ಒಂದು ಕೆಜಿ ಆಸುಪಾಸು! ಉಳಿದದ್ದೆಲ್ಲ ಬರೀ ಗರಿ. ಆ ಅಗಲ ಮುಖ ಶಬ್ದವನ್ನು ಹಿಡಿದು ಕಿವಿಗೆ ಕೊಡುತ್ತದೆ. ಎರಡು ಕಿವಿಗಳು ಒಂದೇ ಎತ್ತರದಲ್ಲಿಲ್ಲ, ಒಂದು ಸ್ವಲ್ಪ ಮೇಲೆ, ಒಂದು ಕೆಳಗೆ. ಹಾಗಾಗಿ ಮೊಣಕಾಲುದ್ದ ಹಿಮದ ಅಡಿಯಲ್ಲಿ ಇಲಿ ಓಡಾಡಿದರೂ ಎಲ್ಲಿ ಅಂತ ಅದಕ್ಕೆ ತಿಳಿಯುತ್ತದೆ. ಅವತ್ತು ನನ್ನ ಕಣ್ಣೆದುರೇ ಹಾರಿಬಂದು, ಹಿಮದ ಮೇಲೆ ಒಂದು ಕ್ಷಣ ರೆಕ್ಕೆ ಬಡಿಯುತ್ತಾ ನಿಂತು, ದೊಪ್ಪನೆ ಬಿತ್ತು. ಎದ್ದಾಗ ಕಾಲಲ್ಲಿ ಏನೂ ಇರಲಿಲ್ಲ. ಮತ್ತೆ ಅದೇ ಮರಕ್ಕೆ ಹೋಗಿ ಕೂತಿತು.

ಇದನ್ನು ಬರೆಯೋಕೆ ಕಾರಣ ಅದರ ನಂತರ ನಡೆದದ್ದು.

ಹಿಂದೆ ಒಂದು ಕಾರು ಬಂತು. ಇಳಿದವರು ದೊಡ್ಡ ಲೆನ್ಸ್ ಜೋಡಿಸಿಕೊಂಡರು. ಆಮೇಲೆ ಒಂದು ಡಬ್ಬಿಯಿಂದ ಬಿಳಿ ಇಲಿ ತೆಗೆದು ಹಿಮದ ಮೇಲೆ ಎಸೆದರು. ಪೆಟ್ ಅಂಗಡಿಯ ಇಲಿ. ಗೂಬೆ ಸೀದಾ ರಸ್ತೆ ದಾಟಿ ಬಂತು, ಸೊಂಟದ ಎತ್ತರದಲ್ಲಿ. ಎದುರಿನಿಂದ ಬರುತ್ತಿದ್ದ ಟ್ರಕ್ ಬ್ರೇಕ್ ಹಾಕಿದ್ದರಿಂದ ಉಳಿಯಿತು. ಕ್ಯಾಮೆರಾ ಮಾತ್ರ ಒಂದೇ ಸಮನೆ ಕ್ಲಿಕ್ ಆಗುತ್ತಲೇ ಇತ್ತು. ನನಗೆ ಕೈಕಾಲು ನಡುಗಿತು, ಚಳಿಗಲ್ಲ.

ನಾವು ಪಕ್ಷಿ ನೋಡುವವರು "ಈ ವರ್ಷ ಗೂಬೆ ಜಾಸ್ತಿ, ಒಳ್ಳೆ ವರ್ಷ" ಅನ್ನುತ್ತೇವೆ. ಯಾರಿಗೆ ಒಳ್ಳೆಯದು? ಕೆನಡಾದ ಕಾಡಿನಲ್ಲಿ ವೋಲ್ ಅನ್ನುವ ಗಿಡ್ಡ ಬಾಲದ ಇಲಿಗಳು ಕಡಿಮೆಯಾದ ವರ್ಷ ಈ ಗೂಬೆಗಳು ದಕ್ಷಿಣಕ್ಕೆ ಬರುತ್ತವೆ. ಕೆಲವು ಇಲ್ಲೇ ಮರಿ ಮಾಡುತ್ತವೆ, ನಿಜ. ಆದರೆ ಗುಂಪು ಗುಂಪಾಗಿ ಬಂದವು ಅಂದರೆ ಅಲ್ಲಿ ಊಟ ಇಲ್ಲ ಅಂತಲೇ ಅರ್ಥ. 2004-05ರ ಚಳಿಗಾಲದಲ್ಲಿ ಮಿನ್ನೆಸೋಟ ಒಂದರಲ್ಲೇ ಸಾವಿರಾರು ಕಂಡವು. ಇವತ್ತಿಗೂ ಇಲ್ಲಿಯವರು ಅದರ ಬಗ್ಗೆ ಹಬ್ಬದ ಹಾಗೆ ಮಾತಾಡುತ್ತಾರೆ. ಅದೇ ಚಳಿಗಾಲ ಎಷ್ಟೋ ಗೂಬೆಗಳು ಕಾರಿಗೆ ಸಿಕ್ಕಿ ಸತ್ತವು. ರಸ್ತೆ ಬದಿಯ ಹುಲ್ಲಿನಲ್ಲಿ ಇಲಿ ಇರುತ್ತವೆ, ಅದಕ್ಕೇ ಅವು ರಸ್ತೆಗೆ ಬರುತ್ತವೆ. ನಾವು ಇಲಿ ಎಸೆದರೆ, ಕಾರು ನಿಂತಲ್ಲಿ ಊಟ ಸಿಗುತ್ತದೆ ಅಂತ ಕಲಿಸಿದ ಹಾಗಲ್ವಾ?

"ಚಿಕಡಿ ಅನ್ನೋ ಪುಟ್ಟ ಹಕ್ಕಿಗಳಿಗೆ ಕಾಳು ಹಾಕ್ತೀರಲ್ಲ, ಅದು ಸರಿನಾ?" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಬಾಗ್‌ನಲ್ಲಿ ಕಾಳು ತುಂಬಿಡುವ ಫೀಡರ್‌ಗಳು ಚಳಿಗಾಲವಿಡೀ ಒಂದೇ ಜಾಗದಲ್ಲಿರುತ್ತವೆ. ಚಿಕಡಿ, ಪೈನ್ ಗ್ರೋಸ್‌ಬೀಕ್, ಕೆನಡಾ ಜೇ ಬರುತ್ತವೆ, ತಿಂದು ಹೋಗುತ್ತವೆ. ನಾವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಇಲಿ ಎಸೆಯುವವರಿಗೆ ಹಕ್ಕಿಯ ಹೊಟ್ಟೆ ಮುಖ್ಯವಲ್ಲ. ಫೋಟೋ ಸಿಕ್ಕ ಕೂಡಲೇ ಡಬ್ಬಿ ಮುಚ್ಚುತ್ತದೆ. ಎರಡೂ ಒಂದೇ ಅಂತ ನಾನು ಒಪ್ಪುವುದಿಲ್ಲ.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. "ಬೆಳಗ್ಗೆ ಎದ್ದು ಗೂಬೆ ಮುಖ ನೋಡಕ್ಕೆ ಅಷ್ಟು ದೂರ ಹೋದ್ಯೇನೋ?" ಅಂದರು. ನಮ್ಮಲ್ಲಿ ಅದು ಮನೆ ಮೇಲೆ ಕೂತರೆ ಅಪಶಕುನ. ಹಾಲಕ್ಕಿಯೂ ಒಂದು ಪುಟ್ಟ ಗೂಬೆಯೇ, ಅದು ನುಡಿದರೆ ಮಾತ್ರ ಬುಡಬುಡಿಕೆಯವರ ಬಾಯಲ್ಲಿ ಶಕುನ. ಒಂದು ಕಡೆ ಕಲ್ಲು ಹೊಡೆದು ಓಡಿಸುತ್ತೇವೆ, ಇನ್ನೊಂದು ಕಡೆ ಇಲಿ ಎಸೆದು ಕರೆಯುತ್ತೇವೆ. ಅದನ್ನು ಅದರ ಪಾಡಿಗೆ ಬಿಡುವವರು ಯಾರು? ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಊಟ ಸಿಗ್ತಾ ಆಮೇಲೆ?" ಅಂತ ಕೇಳಿದರು.

ಮಧ್ಯಾಹ್ನ ಡುಲೂತ್‌ಗೆ ವಾಪಸ್ ಬಂದೆ. ಲೇಕ್ ಸುಪೀರಿಯರ್ ಮೇಲೆ ಹೊಗೆಯಂತೆ ಹಬೆ ಏಳುತ್ತಿತ್ತು. ಅಷ್ಟು ಆಳದ ನೀರು, ಬೇಗ ಹೆಪ್ಪುಗಟ್ಟುವುದಿಲ್ಲ. ಗೋಲ್ಡನ್‌ಐ ಬಾತುಗಳು ಮುಳುಗಿ ಏಳುತ್ತಿದ್ದವು. ಒಂದು ಮನೆ ಮುಂದಿನ ಮೌಂಟನ್ ಆಶ್ ಮರದ ತುಂಬ ಬೊಹೀಮಿಯನ್ ವ್ಯಾಕ್ಸ್‌ವಿಂಗ್ ಹಕ್ಕಿಗಳು. ಕೆಂಪು ಹಣ್ಣು ಒಂದೊಂದೇ ನುಂಗುತ್ತಿದ್ದವು. ಇವೂ ಹಣ್ಣು ಹುಡುಕಿಕೊಂಡೇ ಬಂದವು. ಫುಟ್‌ಪಾತ್‌ನಲ್ಲಿ ನಿಂತೇ ಅರ್ಧ ಗಂಟೆ ನೋಡಿದೆ.

ಆ ಗೂಬೆ ಯಾವ ರಸ್ತೆಯಲ್ಲಿತ್ತು ಅಂತ ಇನ್‌ಬಾಕ್ಸ್‌ನಲ್ಲಿ ಕೇಳಬೇಡಿ, ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಬರುತ್ತೀರಾದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಫ್ಲಾಸ್ಕ್‌ನಲ್ಲಿ ಕಾಫಿ ತರುತ್ತೇನೆ. ಎಂಜಿನ್ ಆರಿಸಿ, ಕಾರಿನೊಳಗೇ ಕೂತು ಕಾಯಬೇಕು.